ಬಕೆಟ್ ತುಂಬುವಷ್ಟು ಹೊತ್ತು

ನೀರು ಬೀಳುವ ಸದ್ದು ಬಕೆಟಿನ ತಳದಲ್ಲಿ ಒಂದು ಥರ, ಅರ್ಧಕ್ಕೆ ಬಂದಾಗ ಇನ್ನೊಂದು ಥರ — ಇಷ್ಟು ದಿನ ಕೇಳಿರಲೇ ಇಲ್ಲವಲ್ಲ, ಪುರುಸೊತ್ತೆಲ್ಲಿ, ಬಚ್ಚಲಿನ ಚಿಲಕ ಹಾಕಿದ್ದೇನೆಯೇ, ಹೌದು, ಈ ಸಣ್ಣ ನಳಕ್ಕೆ ಬಕೆಟ್ ತುಂಬಲು ಹತ್ತು ನಿಮಿಷ ಬೇಕು, ಆ ಹತ್ತು ನಿಮಿಷ ಯಾರೂ ನನ್ನನ್ನು ಪ್ರೇಮಾ ಎಂದು ಕರೆಯಬಾರದು ದೇವರೇ. ಹೊರಗೆ ಶ್ರಾವಣ ಶುಕ್ರವಾರದ ಹೆಂಗಸರು, ತಾರ್ನಾಕದ ಈ ಎರಡು ಕೋಣೆಯಲ್ಲಿ ಹದಿನೆಂಟು ಜನ, ಪಕ್ಕದವರಿಗೆ ತೆಲುಗು, ಮೇಲಿನ ಮನೆಯವರಿಗೆ ಹಿಂದಿ, ಧಾರವಾಡದವರಿಗೆ ಕನ್ನಡ, ಎಲ್ಲರಿಗೂ ಅದೇ ನಗು, ನಕ್ಕು ನಕ್ಕು ಕೆನ್ನೆ ನೋಯುತ್ತಿದೆ, ಒಳ್ಳೆಯವರೇ ಪಾಪ, ಅದೇ ತೊಂದರೆ, ಕೆಟ್ಟವರಾಗಿದ್ದರೆ ಮನಸ್ಸಿನಲ್ಲೇ ಬೈದು ಹಗುರಾಗುತ್ತಿದ್ದೆ. ಯಾಕ ಸುಮ್ಮನಾದಿ, ಮೈಯಾಗ ಆರಾಮ ಇಲ್ಲೇನು, ಏನರೆ ವಿಶೇಷ ಐತೇನು ಅಂತ ಒಬ್ಬೊಬ್ಬರೂ — ಏನಿಲ್ಲರಿ, ಮಾತು ಮುಗಿದಿದೆ ಅಷ್ಟೇ, ಕೊಡದಲ್ಲಿ ನೀರು ಮುಗಿದ ಹಾಗೆ, ಇದನ್ನು ಯಾವ ಭಾಷೆಯಲ್ಲಿ ಹೇಳಲಿ. ಅಯ್ಯೋ, ಕುಂಕುಮ. ಈ ವರ್ಷ ಸೊಸಿ ಕೈಲೇ ಕೊಡಸ್ತೀನಂತ ಅತ್ತೆ ಊರಿಗೆಲ್ಲ ಹೇಳಿದ್ದಾರೆ, ಕುಂಕುಮ ತೆಗೆದುಕೊಳ್ಳದೆ ಯಾರೂ ಹೊಸ್ತಿಲು ದಾಟುವುದಿಲ್ಲ, ಅಂದರೆ ನಾನು ಅಡಗಿರುವಷ್ಟು ಹೊತ್ತೂ ಅವರು ಕೂತೇ ಇರುತ್ತಾರೆ, ಎಂಥ ದಡ್ಡಿ ನಾನು. ಏಳಬೇಕು. ಅತ್ತೆಗೆ ಮಾತ್ರ ದಣಿವೆಂಬುದೇ ಇಲ್ಲ, ಮೂವತ್ತು ವರ್ಷ ಕಾಲೊನಿಗೆಲ್ಲ ಕಡಲೆ ಉಸಳಿ ಹಂಚಿದ ಕೈ, ಈಕಿಗೆ ಮಂದಿ ಅಂದ್ರ ಆಗೂದಿಲ್ಲ ಅಂತ ಸಂಜೆ ನನ್ನ ಗಂಡ ಜಯತೀರ್ಥನ ಮುಂದೆ ಹೇಳಿಯೇ ಹೇಳುತ್ತಾರೆ, ನಾಚಿಕೆಯಾಗುತ್ತಿದೆ, ಆದರೂ ಇನ್ನೊಂದು ನಿಮಿಷ, ಬಕೆಟ್ ತುಂಬುವವರೆಗೆ.

ತುಂಬಿಯೂ ಆಯಿತು, ಅಂಚು ದಾಟಿದ ನೀರು ಕಾಲ್ಬೆರಳಿಗೆ ತಣ್ಣಗೆ ತಾಗುತ್ತಿದೆ, ಬಾಗಿಲ ಮೇಲೆ ಎರಡೇ ಬೆರಳಿನ ಸದ್ದು, ಅತ್ತೆ, ಮುಗಿಯಿತು ನನ್ನ ಕಥೆ. ಪ್ರೇಮಾ, ಸೊಸಿಗೆ ತಲಿನೋವು ಅಂತ ಹೇಳಿ ಕುಂಕುಮ ನಾನ ಕೊಟ್ಟೀನಿ, ಎಲ್ಲಾರೂ ಹೋದರು. ಅತ್ತೆಯ ದನಿ ಇಷ್ಟು ಇಳಿದದ್ದನ್ನು ನಾನು ಕೇಳಿಯೇ ಇರಲಿಲ್ಲ. ಜಯತೀರ್ಥ ಆಫೀಸಿನ ನಾಲ್ಕು ಮಂದೀನ ಕರಕೊಂಡು ಬರಾಕತ್ತಾನ. ಮೂವತ್ತು ವರ್ಷ ನಾನೂ ಇಲ್ಲೇ ನಳ ಬಿಟ್ಟಗೊಂಡು ಕೂತೀನವ್ವಾ. ನಿಂದು ಆಗಿದ್ರ ಹೊರಗ ಬಾ, ಈಗ ನನ್ನ ಪಾಳಿ. ಚಿಲಕಕ್ಕೆ ಹೋದ ಕೈ ಹಿಂದಕ್ಕೆ ಬಂತು — ತುಂಬಿದ ಬಕೆಟ್ ಇಟ್ಟು ಹೋದರೆ ಅವರಿಗೆ ಹತ್ತು ನಿಮಿಷ ಹೇಗೆ ಸಿಕ್ಕೀತು, ಎತ್ತಿ ಮೂಲೆಯ ಡ್ರಮ್ಮಿಗೆ ಸುರಿದೆ, ಮತ್ತೆ ನಳದ ಕೆಳಗಿಟ್ಟೆ, ಖಾಲಿ ಬಕೆಟ್, ತಳ ಕಾಣುವ ಖಾಲಿ ಬಕೆಟ್.