ಪ್ರಲ್ಹಾದ ಸರ್ ಕೆಮ್ಮಿದರು

ಬೆಟಗೇರಿಯ ಆ ನರ್ಸಿಂಗ್ ಕಾಲೇಜಿನಲ್ಲಿ ಅಂದು ಶಿಕ್ಷಕರಿಗೇ ಪಾಠ. ರಬ್ಬರ್ ಗೊಂಬೆಯನ್ನೋ ರೋಗಿಯ ವೇಷ ಹಾಕಿದವರನ್ನೋ ಮಂಚದ ಮೇಲೆ ಮಲಗಿಸಿ, ವಿದ್ಯಾರ್ಥಿ ಹೇಗೆ ಆರೈಕೆ ಮಾಡುತ್ತಾನೆಂದು ನೋಡಿ ಅಂಕ ಹಾಕುವ ಪಾಠ. ಕಲಿಸಲು ಮೈಸೂರಿನಿಂದ ಬಂದಿದ್ದ ಶಿವಲಕ್ಷ್ಮಿ ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು: ಯಾರ ಮುಖವನ್ನೂ ನೋಡದೆ ನಿಮ್ಮ ಕಣ್ಣಿಗೆ ಕಂಡದ್ದನ್ನೇ ಬರೆಯಿರಿ, ಬರೆದ ಮೇಲೆ ತಿದ್ದುವಂತಿಲ್ಲ.

ಅಯ್ಯೋ, ಮುಖ ಯಾರಿಗೆ ಬೇಕಿತ್ತು! ಪ್ರಿನ್ಸಿಪಾಲ್ ಪ್ರಲ್ಹಾದ ಸರ್ ಅವರ ಗಂಟಲು ಇತ್ತಲ್ಲ. ಅವರು ಕೆಮ್ಮಿದರೆ ಪಾಸು, ಸುಮ್ಮನಿದ್ದರೆ ಫೇಲು. ಆ ಕಾಲೇಜಿನಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ ಅದು.

ಬೆಳಿಗ್ಗೆ ವಿದ್ಯಾರ್ಥಿ ಸಾಗರ ಕೈ ತೊಳೆಯಲಿಲ್ಲ, ಗೊಂಬೆಯ ಹೆಸರು ಕೇಳಲಿಲ್ಲ, ಇನ್ನಾರಿಗೋ ಇಟ್ಟಿದ್ದ ಔಷಧಿ ಚುಚ್ಚಿದ. ಗೊಂಬೆಗೆ ಜೋಡಿಸಿದ್ದ ಯಂತ್ರ ಕುಂಯ್ ಎಂದಿತು, ಗೊಂಬೆ ಸತ್ತಿತು. ಸಾಗರ ಪ್ರಲ್ಹಾದ ಸರ್ ಅವರ ತಂಗಿಯ ಮಗ. ಸರ್ ಕೆಮ್ಮಿದರು. ಫೇಲ್ ಎಂದು ಬರೆಯಲು ಹೊರಟಿದ್ದ ಶಿಕ್ಷಕಿ ರಂಜನಾ ಪಾಸ್ ಎಂದು ಬರೆದಳು. ಅವಳ ನೌಕರಿ ಕಾಯಂ ಆಗುವುದು ಅವರ ಸಹಿಯ ಮೇಲಿತ್ತು.

"ಎಲ್ಲರದ್ದೂ ಒಂದೇ ತೀರ್ಮಾನ! ಇಂಥ ಒಮ್ಮತ ನಾನೆಲ್ಲೂ ಕಂಡಿಲ್ಲ," ಎಂದು ಮೇಡಂ ಹಿಗ್ಗಿದರು.

ರಂಜನಾಳಿಗೆ ಮಾತ್ರ ನಾಚಿಕೆಯಿಂದ ಊಟ ಸೇರಲಿಲ್ಲ. ಮಧ್ಯಾಹ್ನದ ಇನ್ನೊಂದು ಪರೀಕ್ಷೆಯಲ್ಲೂ ಪಾಸಾದರೆ ಈ ಪುಣ್ಯಾತ್ಮ ಸಾಗರ ಸೋಮವಾರದಿಂದ ನಿಜವಾದ ರೋಗಿಗಳ ವಾರ್ಡಿಗೆ. ಈ ಸಲ ಕಂಡದ್ದನ್ನೇ ಬರೆಯುತ್ತೇನೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು.

ಮಧ್ಯಾಹ್ನ ರೋಗಿಯ ವೇಷ ಹಾಕಬೇಕಿದ್ದವಳು ಮುಳಗುಂದದ ತಿಪ್ಪವ್ವ. ಮಂಚ ನೋಡಿದ್ದೇ ತಡ ಸೆರಗು ಕೊಡವಿ ಹೊರಟಳು.

"ಗಟ್ಟಿಮುಟ್ಟ ಇದ್ದಾಕಿ ದವಾಖಾನಿ ಕಾಟಿನ ಮ್ಯಾಲ ಮಲಗಿದ್ರ ಖರೇನ ಬ್ಯಾನಿ ಬರ್ತೈತ್ರಿ. ನಾ ಒಲ್ಲೆ."

"ಇದ್ರಾಗೇನೈತಿ, ನಾನ ಮಲಗತೀನಿ," ಎಂದು ಪ್ರಲ್ಹಾದ ಸರ್ ಬೂಟು ಬಿಚ್ಚಿದರು. ಹೊದಿಕೆಯ ಮೇಲೆ ಅವರದೊಂದು ಕೈ, ಪಕ್ಕದಲ್ಲಿ ಚುಚ್ಚಲೆಂದು ಇಟ್ಟ ರಬ್ಬರ್ ಕೈ.

ಸಾಗರ ಬಂದ. ಹೆಸರು ಕೇಳಲಿಲ್ಲ, ಸೋದರಮಾವನ ಹೆಸರು ಕೇಳುವುದೇನು! ಸೂಜಿ ಎತ್ತಿ ಸೀದಾ ಮಾವನ ಕೈಯನ್ನೇ ಹಿಡಿದ. ರೋಗಿಯಾದವರು ನಡುವೆ ಬಾಯಿ ಹಾಕಬಾರದೆಂದು ಮೇಡಂ ತಾಕೀತು ಮಾಡಿದ್ದರು. ಸರ್ ಕಣ್ಣು ಕಣ್ಣು ಬಿಟ್ಟರು. ಗಾಬರಿಗೆ ಉಗುಳು ಗಂಟಲಿಗೆ ಸಿಕ್ಕಿ ಕೆಮ್ಮಿದರು, ಬಿಟ್ಟೂಬಿಡದೆ ಕೆಮ್ಮಿದರು.

ರಂಜನಾಳ ಪೆನ್ನು ಫೇಲ್ ಎಂಬುದರ ಮೇಲೇ ಇತ್ತು. ಕೆಮ್ಮು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಪಕ್ಕದ ಪಾಸ್ ಕಡೆಗೆ ಸರಿದು ಗುರುತು ಹಾಕಿತು. ಉಳಿದ ಶಿಕ್ಷಕರದ್ದೂ ಅಷ್ಟೇ. ಆಮೇಲೆ ಸೂಜಿ ಒಳಗೆ ಹೋಯಿತು.

"ಯಪ್ಪಾ, ಸತ್ನೆಪೋ!" ಹತ್ತಿ ಒತ್ತಿಕೊಂಡು ಸರ್ ಹಾರಾಡಿದರು. "ಫೇಲ್ ಮಾಡ್ರಿ ಈ ಕತ್ತೀನ!"

"ಬರೆದಾಯ್ತು ಸರ್, ತಿದ್ದೋ ಹಾಗಿಲ್ಲ. ಎಲ್ಲರೂ ಪಾಸ್ ಅಂದಿದ್ದಾರೆ," ಎಂದರು ಮೇಡಂ.

"ಏನ್ ರಂಜನಾ, ನಿಮಗ ಕಣ್ಣ ಕಾಣೂದಿಲ್ಲೇನ?"

ರಂಜನಾಳಿಗೆ ಅಳು ಬಂತು, ತನ್ನ ಮೇಲೆಯೇ ಸಿಟ್ಟು ಬಂತು.

"ಕಣ್ಣಿಗೆ ಎಲ್ಲಾ ಕಂಡೈತ್ರಿ ಸರ್. ಆದ್ರ ನೀವು ಕೆಮ್ಮಿದ್ರಿ."

ಸೋಮವಾರ ಸಾಗರ ವಾರ್ಡಿಗೆ ಹೋದ. ಅಲ್ಲಿ ಸಾಲಾಗಿ ಮಲಗಿದ್ದವರೆಲ್ಲ ಕೆಮ್ಮುತ್ತಿದ್ದರು.