ತಲೆಯಾಡಿಸಬಾರದ ತರಗತಿ

ಸಂಘಮಿತ್ರ ಮೇಡಂ ಅವರ ತರಗತಿಯಲ್ಲಿ ಯಾರೂ ತಲೆಯಾಡಿಸುವಂತಿಲ್ಲ. ತೂಕಡಿಸಿದರೆ ಕ್ಷಮಿಸುತ್ತಾರೆ, ತಡವಾಗಿ ಬಂದರೆ ಗೊಣಗಿಕೊಂಡೇ ಒಳಗೆ ಬಿಡುತ್ತಾರೆ. ಆದರೆ ಪಾಠದ ನಡುವೆ ಯಾರಾದರೂ ಮುಗುಳ್ನಗುತ್ತ ‘ಎಸ್ ಮೇಡಂ’ ಎಂದು ತಲೆದೂಗಿದರೋ, ಅವರ ಬೆಂಚಿನ ಮುಂದೆ ಬಂದು ನಿಂತು ‘ಏನು ಅರ್ಥವಾಯಿತು, ಹೇಳು’ ಎಂದು ಕೇಳುತ್ತಾರೆ. ಅರ್ಥವಾಗದೆ ಉಳಿದದ್ದು ಬಾಯಿಂದ ಹೊರಬೀಳುವವರೆಗೆ ಅಲ್ಲಿಂದ ಕದಲುವುದಿಲ್ಲ.

ದೇವನಹಳ್ಳಿಯ ಆಚೆ, ವಿಮಾನಗಳು ನೆತ್ತಿಯ ಮೇಲೇ ಹಾದುಹೋಗುವ ಕಡೆ ಇರುವ ನಮ್ಮ ಖಾಸಗಿ ವಿಶ್ವವಿದ್ಯಾಲಯಕ್ಕೆ ಚಾಡ್, ಯೆಮನ್, ಕಾಂಗೋ ಮುಂತಾದ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಫ್ರೆಂಚಿನಲ್ಲೋ ಅರಬ್ಬಿಯಲ್ಲೋ ಓದಿದವರು, ಇಂಗ್ಲಿಷು ಅಷ್ಟಕ್ಕಷ್ಟೆ. ಅವರನ್ನು ಒಂದು ವರ್ಷ ಪಳಗಿಸಿ ಪದವಿ ತರಗತಿಗೆ ದಾಟಿಸುವುದು ಮೇಡಂ ಕೆಲಸ. ನಾನು ಪಕ್ಕದ ಕೋಣೆಯ ಕನ್ನಡ ಮೇಷ್ಟ್ರು. ನಡುವೆ ಇರುವುದು ಪ್ಲೈವುಡ್ ಗೋಡೆಯಾದ್ದರಿಂದ ನನ್ನ ಪಾಠಕ್ಕಿಂತ ಅವರ ಪಾಠವನ್ನೇ ಹೆಚ್ಚು ಕೇಳಿದ್ದೇನೆ.

ಮೇಡಂ ಇಲ್ಲೇ ಹತ್ತಿರದ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಗೇಟಿನಿಂದ ಕಟ್ಟಡದವರೆಗೆ ಮುಂದಕ್ಕೆ ಬಾಗಿಕೊಂಡು, ಎದುರುಗಾಳಿಯ ಜೊತೆ ಜಗಳಕ್ಕೆ ಹೊರಟವರ ಹಾಗೆ ನಡೆಯುತ್ತಾರೆ. ನೂಲಿನ ಸೀರೆಯ ಮೇಲೆ ಅಪ್ಪ ಭೀಮರಾಜ್ ಬಿಟ್ಟುಹೋದ ಕಂದು ಕೋಟು, ತೋಳು ಎರಡು ಮಡಿಕೆ. ಬೇಸಿಗೆಯಲ್ಲೂ ಅದನ್ನು ಬಿಚ್ಚಿದ್ದನ್ನು ನಾನು ಕಂಡಿಲ್ಲ. ವಿಮಾನ ಏರುವಾಗ ಪಾಠ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟ ಅರ್ಧ ವಾಕ್ಯವನ್ನೇ ಎತ್ತಿಕೊಳ್ಳುತ್ತಾರೆ, ಒಂದು ಪದ ಆಚೀಚೆ ಆಗುವುದಿಲ್ಲ.

ಈ ಹಟ ಎಲ್ಲಿಂದ ಬಂತೆಂದು ಒಮ್ಮೆ ಕೆಣಕಿದ್ದೆ. “ಪಿಯುಸಿ ತನಕ ಕನ್ನಡ ಮೀಡಿಯಂ ಸರ್. ಡಿಗ್ರಿಗೆ ಬೆಂಗ್ಳೂರಿಗೆ ಹೋದೆ. ವರ್ಷ ಪೂರ್ತಿ ತಲೆ ಆಡಿಸ್ಕೊಂಡೇ ಕೂತಿದ್ದೆ. ಲೆಕ್ಚರರ್‌ಗೆ ನಾನಂದ್ರೆ ಬಾಳ ಇಷ್ಟ. ರಿಸಲ್ಟ್ ಬಂದಾಗ ಎಲ್ಲಾದ್ರಲ್ಲೂ ಫೇಲು” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅವರು ತಮ್ಮ ವಿದ್ಯಾರ್ಥಿಗಳಿಗೆ ಮೊದಲ ದಿನ ಕಲಿಸುವ ಇಂಗ್ಲಿಷ್ ವಾಕ್ಯ ‘ನನಗೆ ಅರ್ಥವಾಗಲಿಲ್ಲ, ಒಂದೊಂದಾಗಿ ಹೇಳಿ’ ಎಂಬುದು.

ಈ ವರ್ಷ ಆ ವಾಕ್ಯವೇ ಕುತ್ತಿಗೆಗೆ ಬಂತು.

ಚಾಡ್ ದೇಶದ ಮಹಮತ್‌ಗೆ ಫಾರ್ಮಸಿ ಓದುವ ಆಸೆ. ವರ್ಷದ ಕೊನೆಯ ಮೌಖಿಕ ಪರೀಕ್ಷೆ ದಾಟದಿದ್ದರೆ ಅವನ ವೀಸಾ ಮುಗಿಯುತ್ತಿತ್ತು, ಗಂಟುಮೂಟೆ ಕಟ್ಟಬೇಕಿತ್ತು. “ಅದೊಂದು ದಿನಕ್ಕಾದ್ರೂ ತಲೆಯಾಡ್ಸೋದು ಹೇಳ್ಕೊಡಿ ಮೇಡಂ” ಎಂದು ನಾನೇ ಹೇಳಿದ್ದೆ. ಮಹಮತ್ ಕೂಡ ಹಾಗೆ ಮಾಡಲೇ ಎಂದು ಕೇಳಿದ್ದನಂತೆ. ಇಬ್ಬರಿಗೂ ಮೇಡಂ ಬೇಡ ಎಂದಿದ್ದರು.

ಪರೀಕ್ಷೆಗೆ ಹಿರಿಯ ಪ್ರಾಧ್ಯಾಪಕ ಆದಿನಾರಾಯಣಪ್ಪನವರು ಅಧ್ಯಕ್ಷರು, ಜೊತೆಗೆ ನಾನು. ಕಲಿಸಿದವರು ಹಿಂದೆ ಕೂರಬಹುದು, ಬಾಯಿ ಬಿಡುವಂತಿಲ್ಲ. ಆದಿನಾರಾಯಣಪ್ಪನವರು ಕೆಟ್ಟವರಲ್ಲ, ಅವಸರದವರು, ಇಂಗ್ಲಿಷನ್ನು ಎಲ್ಲೂ ತುಂಡಾಗದ ನೂಲಿನಂತೆ ಸರಸರ ಎಳೆಯುವವರು. ಮಹಮತ್‌ಗಿಂತ ಮೊದಲು ಬಂದವರೆಲ್ಲ ಮುಗುಳ್ನಕ್ಕರು, ತಲೆದೂಗಿದರು, ಬಾಯಿಪಾಠ ಒಪ್ಪಿಸಿ ದಾಟಿದರು. ಅವರೂ ಮೇಡಂ ವಿದ್ಯಾರ್ಥಿಗಳೇ. ಅಧ್ಯಕ್ಷರ ಮುಖ ಕಂಡೊಡನೆ ಪಾಠ ಮರೆತಿದ್ದರು.

ಮಹಮತ್ ಮರೆಯಲಿಲ್ಲ. ಒಂದೇ ಉಸಿರಿನಲ್ಲಿ ಬಂದ ಮೂರು ಪ್ರಶ್ನೆಗಳನ್ನು ಕೇಳಿಸಿಕೊಂಡು, ಬೆವರಿದ ಅಂಗೈಯನ್ನು ಮಂಡಿಗೆ ಒರೆಸಿಕೊಂಡು, ಇಂಗ್ಲಿಷಿನಲ್ಲಿ ಹೇಳಿದ: “ಸರ್, ನನಗೆ ಅರ್ಥವಾಗಲಿಲ್ಲ. ಒಂದೊಂದಾಗಿ ಹೇಳಿ.”

ಆದಿನಾರಾಯಣಪ್ಪನವರು ಆ ಪ್ರಶ್ನೆಗಳನ್ನೇ ಗಟ್ಟಿಯಾಗಿ, ಇನ್ನೂ ಬೇಗ ಹೇಳಿದರು. ಇವನೂ ತನ್ನ ವಾಕ್ಯವನ್ನೇ ಮತ್ತೆ ಹೇಳಿದ. ಅಧ್ಯಕ್ಷರು ಪೆನ್ನು ತೆಗೆದರು.

“ಪ್ರಶ್ನೇನೇ ಅರ್ಥ ಆಗ್ದೋನಿಗೆ ಪಾಠ ಅರ್ಥ ಆಗುತ್ತೇನ್ರೀ?”

ಹಿಂದೆ ಕುರ್ಚಿ ಸರಿದ ಸದ್ದಾಯಿತು. “ಸರ್, ನಾನು ಮಾತಾಡೋ ಹಾಗಿಲ್ಲ, ಗೊತ್ತು” ಎಂದು ಸಂಘಮಿತ್ರ ಎದ್ದು ನಿಂತಿದ್ದರು. ಆದಿನಾರಾಯಣಪ್ಪನವರು ನಿಯಮ, ಗುಣಮಟ್ಟ, ಸಂಸ್ಥೆಯ ಮರ್ಯಾದೆ ಎಲ್ಲವನ್ನೂ ಸೇರಿಸಿ ಅದೇ ಬಿರುಸಿನ ಇಂಗ್ಲಿಷಿನಲ್ಲಿ ಸುರಿದು, ಕೊನೆಗೆ “ಗೊತ್ತಾಯ್ತೇನಮ್ಮಾ?” ಎಂದರು. ಈ ತಾತ್ಕಾಲಿಕ ಅಧ್ಯಾಪಕಿಯ ಮುಂದಿನ ವರ್ಷದ ಕೆಲಸ ಅವರ ಒಂದು ಸಹಿಯಲ್ಲಿತ್ತು. ತಲೆಯಾಡಿಸಿಬಿಡಿ ತಾಯೀ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

“ಅರ್ಥ ಆಗ್ಲಿಲ್ಲ ಸರ್. ಒಂದೊಂದಾಗಿ ಹೇಳಿ.”

ವಿಮಾನವೊಂದು ಹಾದುಹೋಯಿತು. ಹುಡುಗ ಒಮ್ಮೆ ಮೇಡಂ ಕಡೆ ನೋಡಿದ, ಒಮ್ಮೆ ಆ ಪೆನ್ನಿನ ಕಡೆ. ಅಧ್ಯಕ್ಷರ ಕಿವಿ ಕೆಂಪಾಗಿತ್ತು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯನ್ನು ಮುಂದೆಳೆದುಕೊಂಡು, ಮಹಮತ್‌ನನ್ನು ನಿಧಾನವಾಗಿ ಕೇಳಿದರು: “ಫಾರ್ಮಸಿ ಯಾಕೆ?”

ಸೋದರಮಾವನಿಗೆ ಔಷಧಿ ಅಂಗಡಿ ಇದೆ, ಅಲ್ಲಿ ಫಾರ್ಮಸಿ ಓದಿದವರು ಯಾರೂ ಇಲ್ಲ ಎಂದು ಅವನು ಮುರಿದ ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದ. ವ್ಯಾಕರಣ ಅಲ್ಲಲ್ಲಿ ಕೆಟ್ಟಿತು, ವಿಷಯ ಕೆಡಲಿಲ್ಲ.

“ಇಲ್ಲಿ ಪಾಠ ಅರ್ಥವಾಗದೆ ಹೋದರೆ?”

“ನಿಲ್ಲಿಸಿ ಎನ್ನುತ್ತೇನೆ ಸರ್.”

ಆದಿನಾರಾಯಣಪ್ಪನವರು ನನ್ನ ಕಡೆ ತಿರುಗಿದರು. “ಇವನು ನಿಲ್ಲಿಸ್ತಾನೆ ಕಣ್ರೀ, ಅನುಮಾನಾನೇ ಇಲ್ಲ” ಎಂದು ನಕ್ಕು ಸಹಿ ಹಾಕಿದರು. ಮಹಮತ್ ದಾಟಿದ.

ಹೊರಗೆ ಕಾರಿಡಾರಿನಲ್ಲಿ ಮೇಡಂ ಗೋಡೆಗೆ ಒರಗಿ ನಿಂತಿದ್ದರು. ಕೋಟಿನ ತೋಳಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸುತ್ತಿದ್ದರು. “ಇನ್ನೊಂದ್ ನಿಮಿಷ ಆಗಿದ್ರೆ ನಾನೂ ತಲೆ ಆಡಿಸ್ಬಿಡ್ತಿದ್ದೆ ಸರ್” ಎಂದರು. ಅವರ ಮುಂದಿನ ವರ್ಷದ ಆದೇಶ ಇನ್ನೂ ಬಂದಿಲ್ಲ.

ಇಂಥವರನ್ನು ಜನ ಧೈರ್ಯವಂತರು ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಧೈರ್ಯವಂತರು ಹೆದರಿಕೆಯನ್ನು ದಾಟಿ ಮುಂದೆ ಹೋಗಿಬಿಡುತ್ತಾರೆ. ಇವರು ತಾವು ಹೆದರಿ ಕೂತಿದ್ದ ಬೆಂಚಿಗೇ ವರ್ಷವರ್ಷವೂ ಮರಳಿ ಬಂದು, ಈಗ ಅಲ್ಲಿ ಹೆದರಿ ಕೂತವರ ಪಕ್ಕದಲ್ಲಿ ನಿಲ್ಲುತ್ತಾರೆ.