ಖಟಾಯಿ ಬೂವಮ್ಮ

ಗುಲ್ಜಾರ್ ಬೀಯ ಜನಾಜಾಕ್ಕೆ ಹೆಗಲು ಕೊಡಲು ಬಾಗಿದ ಮೈದುನ ಹಬೀಬನ ಎದೆಗೆ ಬಸವಯ್ಯ ಗುದ್ದಿದ. ಹಬೀಬ ಹಿಂದಕ್ಕೆ ಬಿದ್ದ. ತಲೆ ಜಗಲಿಯ ಕಲ್ಲಿಗೆ ಬಡಿದು ರಕ್ತ ಸುರಿಯಿತು.

"ಮುಟ್ಬ್ಯಾಡ ಕಣ್ಲಾ! ಬದುಕಿದ್ದಾಗ ಬೂವಮ್ಮನ್ನ ಸುಟ್ಟೋನು ನೀನು!"

"ನಮ್ಮಣ್ಣನ ಹೆಂಡ್ತಿ ಆಕೆ. ಸೌದೆ ಮಾರೋ ನೀನ್ಯಾವನ್ಲಾ ಕೇಳಾಕೆ?" ಹಬೀಬ ಎದ್ದು ಬಸವಯ್ಯನ ಕುತ್ತಿಗೆ ಹಿಸುಕಿದ. "ಮಣ್ಣಾದ್ಮೇಲೆ ಬೇಕರೀನೂ ನಂದೇಯ."

ಓಣಿಯಲ್ಲಿ ನೆರೆದಿದ್ದ ಗಂಡಸರು ಇಬ್ಬರನ್ನೂ ಎಳೆದು ಬಿಡಿಸಿದರು. ಚಳಿಜ್ವರಕ್ಕೆ ಸತ್ತ ಗುಲ್ಜಾರ್ ಬೀ ಬಿಳಿ ಬಟ್ಟೆಯೊಳಗೆ ಸುಮ್ಮನೆ ಮಲಗಿದ್ದಳು.

*

ಗಂಡ ಪ್ಲೇಗಿನಲ್ಲಿ ಹೋದ ವರ್ಷ ಅವಳು ಚನ್ನಪಟ್ಟಣದ ಇದೇ ಮನೆಯ ಹಿತ್ತಲಲ್ಲಿ ಮಣ್ಣಿನ ಭಟ್ಟಿ ಕಟ್ಟಿ ನಾನ್ ಖಟಾಯಿ ಬಿಸ್ಕತ್ತು ಸುಟ್ಟಳು. ಬುಟ್ಟಿಯಲ್ಲಿ ಹೊತ್ತು ರೈಲಿನ ಕಿಟಕಿಗಳ ಬಳಿ ಕೂಗಿ ಮಾರಿದಳು. ಬುಟ್ಟಿಯಲ್ಲಿ ಖಟಾಯಿ ಪುಡಿಯಾಗುತ್ತಿದ್ದುದರಿಂದ, ಗೊಂಬೆ ಮಾಡುವವರ ಕೈಲಿ ಅರಗಿನ ಬಣ್ಣದ ಮರದ ಡಬ್ಬಿ ಮಾಡಿಸಿದಳು. ಆ ಡಬ್ಬಿಗಳು ಕ್ಲೋಸ್‌ಪೇಟೆ, ಕನಕಪುರ, ಮಾಗಡಿಯ ಅಂಗಡಿಗಳಿಗೂ ಹೋದವು. ಗಂಡನಿಲ್ಲದ ಹೆಂಗಸರು ಒಬ್ಬೊಬ್ಬರಾಗಿ ಕೆಲಸಕ್ಕೆ ಬಂದರು; ಹಿತ್ತಲು ಬೇಕರಿಯಾಯಿತು.

ಹಬೀಬನಿಗೆ ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ಹಾರೆ ಹಿಡಿದು ಬಂದ.

"ಬೀದೀಲಿ ಕೂಗಿ ಮಾರಿ ಮನೆ ಮಾನ ಕಳೆದ್ಬುಟ್ಟೆ!" ಎನ್ನುತ್ತ ಭಟ್ಟಿ ಒಡೆದ. ಅಡ್ಡ ಬಂದವಳ ಬಲಗೈಯನ್ನು ಕಾದ ತಗಡಿಗೆ ಒತ್ತಿ ಹಿಡಿದ. ಚರ್ಮ ಸುಟ್ಟ ವಾಸನೆ ಎದ್ದಿತು. ಅವಳು ಎಡಗೈಯಲ್ಲಿ ಕೆಂಡ ಬಾಚಿ ಅವನ ಮುಖಕ್ಕೆ ಎರಚಿದಳು.

ಕೈಲಾಂಚದಿಂದ ಸೌದೆ ತಂದಿದ್ದ ಬಸವಯ್ಯ ಓಡಿ ಬಂದು, ಅರಚುತ್ತಿದ್ದ ಹಬೀಬನನ್ನು ಹೊರಗೆಳೆದು ಹಾಕಿದ.

"ಪೊಲೀಸ್ರತ್ರ ಹೋಗಾಣ ನಡಿ ಬೂವಮ್ಮ."

"ಮೊದ್ಲು ಒಸಿ ಮಣ್ಣು ಕಲಸು ಬಸವಯ್ಯ. ಹೊಸಾ ಭಟ್ಟಿ ಕಟ್ಟಿ ಒಣಗಬ್ಯಾಡ್ವಾ?" ಎಂದಳು, ಬೆಂದ ಕೈಯನ್ನು ನೀರಿನ ಕೊಡದೊಳಗೆ ಇಳಿಬಿಟ್ಟು.

*

"ಹಬೀಬ್ ಚಚ್ಚಾನೂ ಹೊರಲಿ ಬಿಡಿ," ಎಂದಳು ಮಗಳು ದಿಲ್ಶಾದ್, ಬಾಗಿಲ ಪರದೆಯ ಹಿಂದಿನಿಂದ.

ಬಸವಯ್ಯ ತಿರುಗಿದ. "ಏನಂದೆ ತಾಯಿ?"

"ಅಮ್ಮಿ ಎಷ್ಟು ಭಾರ ಇದ್ರು ಅಂತ ಅವ್ರಿಗೂ ಗೊತ್ತಾಗ್ಲಿ."

ಹಬೀಬ ತಲೆಯೆತ್ತದೆ ಹೆಗಲು ಕೊಟ್ಟ. ಎಲ್ಲರಿಗಿಂತ ಹಿಂದೆ, ಟವಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಸವಯ್ಯ ನಡೆದ.

ಖಬರಸ್ತಾನದಿಂದ ಹಬೀಬ ನೇರ ಬೇಕರಿಗೆ ಬಂದ. ಕದ ತೆರೆದೇ ಇತ್ತು. ಒಳಗೆ ದಿಲ್ಶಾದ್ ನಿಂತಿದ್ದಳು. ಅವಳ ಹಿಂದೆ ಗೋಡೆಯುದ್ದಕ್ಕೂ ಕೆಲಸದ ಹೆಂಗಸರು, ಸೆರಗನ್ನು ಸೊಂಟಕ್ಕೆ ಬಿಗಿದು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಸೀಳು ಸೌದೆ. ಹಬೀಬ ಎತ್ತಿದ ಕಾಲು ಹೊಸ್ತಿಲ ಮೇಲೆಯೇ ನಿಂತಿತು.